ಗಿಟಾರ್ ಆಂಪ್‌ನ ಸವೆದ ಟ್ಯೂಬ್ ಪತ್ತೆ ಹಚ್ಚಿ ಬದಲಿಸುವ ಬಗೆ: ಬೆಂಗಳೂರಿನ ವಾದಕರಿಗೊಂದು ಮಾರ್ಗದರ್ಶಿ

ಟ್ಯೂಬ್ ಆಂಪ್ಲಿಫೈಯರ್ ಇಟ್ಟುಕೊಂಡಿರುವ ಅನೇಕ ಗಿಟಾರ್ ವಾದಕರು ಧ್ವನಿ ಸ್ವಲ್ಪ ಮಂಕಾದ ಕೂಡಲೇ ಒಳಗಿರುವ ಎಲ್ಲ ಟ್ಯೂಬ್‌ಗಳನ್ನೂ ಒಂದೇ ಸಲ ತರಿಸಿ ಬದಲಿಸಿಬಿಡುತ್ತಾರೆ. ಇದರಿಂದ ಹಣ ಪೋಲಾಗುವುದಲ್ಲದೆ, ದೋಷ ನಿಜವಾಗಿ ಎಲ್ಲಿತ್ತು ಎಂಬುದು ತಿಳಿಯದೆಯೇ ಉಳಿದುಹೋಗುತ್ತದೆ. ಸವೆದದ್ದು ಯಾವುದೆಂದು ಮೊದಲು ಖಚಿತಪಡಿಸಿಕೊಂಡು ಅದನ್ನಷ್ಟೇ ಬದಲಿಸುವುದು ಸರಿಯಾದ ಕ್ರಮ. ಇದಕ್ಕೆ ಬೇಕಾದ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ, ಆಂಪ್‌ನ ಷಾಸಿಯನ್ನು (ಸರ್ಕ್ಯೂಟ್ ಕೂರಿಸಿದ ಲೋಹದ ಚೌಕಟ್ಟನ್ನು) ಹೊರಗೆ ತೆಗೆಯದೆಯೇ ಮಾಡಬಹುದು. ಪವರ್ ಟ್ಯೂಬ್‌ಗಳ ಬಯಸ್ (ನುಡಿಸದಿರುವಾಗ ಟ್ಯೂಬಿನಲ್ಲಿ ಹರಿಯುವ ಕರೆಂಟನ್ನು ನಿಗದಿ ಮಾಡುವ ವೋಲ್ಟೇಜು) ಹೊಂದಿಸುವ ಕೆಲಸ ಮಾತ್ರ ಬೇರೆ ಮಟ್ಟದ್ದು. ಅದರ ಅಪಾಯವನ್ನು ಅರಿತವರು ಮಾತ್ರ ಕೈಹಾಕಬೇಕು.

ಟ್ಯೂಬ್ ಹೇಗೆ ಸವೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಗಾಳಿ ತೆಗೆದ ಗಾಜಿನ ಬುರುಡೆಯ ನಡುವೆ ಕ್ಯಾಥೋಡ್ ಎಂಬ ತೆಳುವಾದ ಲೋಹದ ನಳಿಕೆಯಿದ್ದು, ಅದರೊಳಗೆ ಕೆಂಪಗೆ ಕಾಯುವ ಹೀಟರ್ ತಂತಿ, ಹೊರಗೆ ಗ್ರಿಡ್‌ನ ಸುರುಳಿ, ಎಲ್ಲಕ್ಕೂ ಹೊರಗೆ ಬೂದು ಬಣ್ಣದ ಪ್ಲೇಟ್ ಇರುತ್ತವೆ. ಕ್ಯಾಥೋಡ್‌ನ ಮೇಲೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡ್‌ಗಳ ಲೇಪವಿದ್ದು, ಕಾದಾಗ ಎಲೆಕ್ಟ್ರಾನ್‌ಗಳನ್ನು ಹೊರಬಿಡುವುದು ಈ ಲೇಪವೇ. ಬಳಸಿದಂತೆಲ್ಲ ಅದರ ಶಕ್ತಿ ಕುಂದುತ್ತದೆ. ಇದರ ಜೊತೆಗೆ, ಸ್ಪೀಕರಿನ ಅದುರುವಿಕೆಯಿಂದಲೂ ಆಂಪ್ ಅನ್ನು ವ್ಯಾನಿನಲ್ಲಿ ಹೇರಿಕೊಂಡು ಊರೆಲ್ಲ ಸುತ್ತುವಾಗಿನ ಕುಲುಕಾಟದಿಂದಲೂ ಒಳಗಿನ ಬಿಡಿಭಾಗಗಳು ಸಡಿಲಗೊಳ್ಳುತ್ತವೆ. ನಮ್ಮ ಊರಿನ ರಸ್ತೆ ಗುಂಡಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಿಟಾರಿನ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಪ್ರೀಆಂಪ್ ಟ್ಯೂಬ್‌ಗಳು ಚಿಕ್ಕವು, ಒಂಬತ್ತು ಪಿನ್‌ನವು. ಬಹುಪಾಲು ಆಂಪ್‌ಗಳಲ್ಲಿ ಇವು 12ಎಎಕ್ಸ್7 ಆಗಿರುತ್ತವೆ, ಯುರೋಪಿನ ಹೆಸರಿನಲ್ಲಿ ಇದೇ ಇಸಿಸಿ83. ಇವುಗಳ ಮೂಲಕ ಹರಿಯುವ ಕರೆಂಟು ಬಹಳ ಕಡಿಮೆಯಾದ್ದರಿಂದ ವರ್ಷಾನುಗಟ್ಟಲೆ ಬಾಳುತ್ತವೆ. ಪವರ್ ಟ್ಯೂಬ್‌ಗಳಾದ ಇಎಲ್34, 6ಎಲ್6, 6ವಿ6, ಇಎಲ್84 ಮೊದಲಾದವು ಸ್ಪೀಕರನ್ನು ನಡೆಸುವ ಭಾರವನ್ನು ಹೊರುವುದರಿಂದ ಬೇಗ ಸವೆಯುತ್ತವೆ. ವಾರಕ್ಕೆ ಹಲವು ಸಲ ಜೋರಾಗಿ ನುಡಿಸುವವರಿಗೆ ಒಂದೆರಡು ವರ್ಷದಲ್ಲಿ ಇವನ್ನು ಬದಲಿಸಬೇಕಾಗಿ ಬರಬಹುದು. ಮನೆಯಲ್ಲಿ ಮೆಲ್ಲಗೆ ನುಡಿಸುವವರಿಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬರುತ್ತವೆ. ಕ್ಯಾಲೆಂಡರ್ ನೋಡಿ ಟ್ಯೂಬ್ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಕಿವಿ, ಕಣ್ಣು ಮತ್ತು ಮೀಟರ್ ಹೇಳಿದಾಗ ಬದಲಿಸಿದರೆ ಸಾಕು.

ಲಕ್ಷಣಗಳು

ಪವರ್ ಟ್ಯೂಬ್ ಸವೆದಾಗ ತಗ್ಗಿನ ಸ್ವರಗಳು ಬಿಗಿ ಕಳೆದುಕೊಳ್ಳುತ್ತವೆ, ಮೇಲಿನ ಸ್ವರಗಳ ಹೊಳಪು ಹೋಗುತ್ತದೆ, ಮೊದಲಿನಷ್ಟು ಜೋರು ಬರಬೇಕಾದರೆ ವಾಲ್ಯೂಮ್ ಗುಂಡಿಯನ್ನು ಇನ್ನಷ್ಟು ತಿರುಗಿಸಬೇಕಾಗುತ್ತದೆ. ಇದು ನಿಧಾನವಾಗಿ ಆಗುವ ಬದಲಾವಣೆಯಾದ್ದರಿಂದ ದಿನವೂ ಕೇಳುವ ಕಿವಿಗೆ ಗೊತ್ತಾಗುವುದೇ ಇಲ್ಲ. ಹಿಂದೆ ಮಾಡಿಟ್ಟುಕೊಂಡ ಧ್ವನಿಮುದ್ರಣವಿದ್ದರೆ ಹೋಲಿಸಿ ನೋಡುವುದು ಒಳ್ಳೆಯದು. ಪ್ರೀಆಂಪ್ ಟ್ಯೂಬ್ ಕೆಟ್ಟರೆ ಸಾಮಾನ್ಯವಾಗಿ ಚಟಪಟ ಸದ್ದು, ಅತಿಯಾದ ಹಿಸ್, ಅಥವಾ ನುಡಿಸಿದ ಸ್ವರದ ಹಿಂದೆಯೇ ಗಾಜು ಕಂಪಿಸಿದಂಥ ಝೇಂಕಾರ ಕೇಳಿಬರುತ್ತದೆ. ಒಳಗಿನ ಭಾಗಗಳು ಸಡಿಲವಾಗಿ ಟ್ಯೂಬ್ ತಾನೇ ಮೈಕಿನಂತೆ ವರ್ತಿಸತೊಡಗಿದಾಗ ಹೀಗಾಗುತ್ತದೆ.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಟ್ಯೂಬಿನ ತಲೆಯ ಒಳಭಾಗದಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಕಲೆಯಿರುತ್ತದೆ. ಅದು ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳಲು ಹಾಕಿದ ಲೇಪ. ಆ ಕಲೆ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಎಲ್ಲೋ ಸೀಳಿ ಗಾಳಿ ಒಳಹೊಕ್ಕಿದೆ ಎಂದರ್ಥ. ಆ ಟ್ಯೂಬನ್ನು ಮತ್ತೆ ಆನ್ ಮಾಡಬಾರದು. ಪವರ್ ಟ್ಯೂಬಿನ ಗಾಜಿನ ಒಳಮೈಗೆ ಅಂಟಿದಂತೆ ಕಾಣುವ ತಿಳಿನೀಲಿ ಬೆಳಕು ಸಹಜವಾದುದು, ಅದಕ್ಕೆ ಗಾಬರಿಪಡಬೇಕಾಗಿಲ್ಲ. ಆದರೆ ಪ್ಲೇಟ್‌ಗಳ ನಡುವೆ ನೇರಳೆ ಬಣ್ಣದ ಬೆಳಕು ತುಂಬಿಕೊಂಡಿದ್ದರೆ ಅನಿಲ ಸೇರಿದೆಯೆಂದು ತಿಳಿಯಬೇಕು. ಎಲ್ಲಕ್ಕಿಂತ ಗಂಭೀರವಾದುದು ಪ್ಲೇಟ್ ಕೆಂಪೇರುವುದು. ಕೋಣೆಯ ದೀಪ ಆರಿಸಿ ನೋಡಿದರೆ, ಬೂದು ಬಣ್ಣದ ಪ್ಲೇಟಿನ ಪಕ್ಕದಲ್ಲಿ ಮೊದಲು ಮಂಕಾದ ಕೆಂಪು ಚುಕ್ಕೆಯೊಂದು ಮೂಡಿ, ನೋಡನೋಡುತ್ತಿದ್ದಂತೆ ಮೇಲಕ್ಕೂ ಕೆಳಕ್ಕೂ ಹರಡುತ್ತದೆ. ಅದು ಕಂಡ ಕೂಡಲೇ ಆಂಪ್ ಆರಿಸಬೇಕು. ತಡಮಾಡಿದರೆ ಪವರ್ ಟ್ಯೂಬ್‌ಗೂ ಸ್ಪೀಕರಿಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೂ ಹಾನಿ ತಟ್ಟಬಹುದು.

ಟ್ಯೂಬಿನ ಮೇಲೆ ಆರೋಪ ಹೊರಿಸುವ ಮುನ್ನ

ಧ್ವನಿ ಇದ್ದಕ್ಕಿದ್ದಂತೆ ತಗ್ಗಿದ್ದರೆ ಮೊದಲು ಎಫೆಕ್ಟ್ಸ್ ಲೂಪ್ (ಆಂಪ್‌ನ ನಡುವೆ ಪೆಡಲ್‌ಗಳನ್ನು ಜೋಡಿಸುವ ದಾರಿ) ನೋಡಿ. ಹಿಂಬದಿಯ ಸೆಂಡ್ ಮತ್ತು ರಿಟರ್ನ್ ಜ್ಯಾಕ್‌ಗಳ ನಡುವೆ ಒಂದು ಚಿಕ್ಕ ಕೇಬಲ್ ಚುಚ್ಚಿದಾಗ ಧ್ವನಿ ಮರಳಿ ಬಂದರೆ, ಜ್ಯಾಕಿನ ಒಳಗಿನ ಸ್ವಿಚ್ಚಿಗೆ ಧೂಳೋ ತುಕ್ಕೋ ಹಿಡಿದಿದೆಯೇ ಹೊರತು ಟ್ಯೂಬಿನ ತಪ್ಪೇನಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಸರಿಹೋಗುತ್ತದೆ. ಗಿಟಾರ್ ಕೇಬಲ್, ಸ್ಪೀಕರ್ ಕೇಬಲ್, ಪೆಡಲ್‌ಗಳ ಅಡಾಪ್ಟರ್ ಇವನ್ನೂ ಒಂದೊಂದಾಗಿ ಬದಲಿಸಿ ನೋಡಬೇಕು. ಗೊರಗೊರ ಹಮ್ ಇದ್ದರೆ ಅದರ ಸ್ವರವನ್ನು ಗಮನಿಸುವುದು ಉಪಯುಕ್ತ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಹೀಟರಿನಿಂದಲೋ ಅರ್ಥಿಂಗ್ ದೋಷದಿಂದಲೋ ಬರುವ ಹಮ್ ಹೆಚ್ಚಾಗಿ ಇದೇ 50 ಹರ್ಟ್ಸ್‌ನಲ್ಲಿ ಇರುತ್ತದೆ. ಡಿಸಿ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿದಾಗ ಬರುವುದು ಅದಕ್ಕಿಂತ ಒಂದು ಸಪ್ತಕ ಮೇಲಿನ 100 ಹರ್ಟ್ಸ್ ಹಮ್. ಎರಡನೆಯದಕ್ಕೆ ಎಷ್ಟು ಟ್ಯೂಬ್ ಬದಲಿಸಿದರೂ ಫಲವಿಲ್ಲ.

ಕೆಟ್ಟ ಪ್ರೀಆಂಪ್ ಟ್ಯೂಬ್ ಪತ್ತೆಹಚ್ಚುವುದು

ಆಂಪ್ ಆನ್ ಮಾಡಿ, ಗಿಟಾರ್ ಸಿಕ್ಕಿಸದೆ, ವಾಲ್ಯೂಮನ್ನು ಸ್ವಲ್ಪ ಏರಿಸಿ, ಒಂದು ಮರದ ಪೆನ್ಸಿಲಿನ ಹಿಂತುದಿಯಿಂದ ಪ್ರತಿ ಟ್ಯೂಬನ್ನೂ ಮೆಲ್ಲಗೆ ತಟ್ಟಿ. ಇನ್‌ಪುಟ್ ಜ್ಯಾಕಿಗೆ ಹತ್ತಿರವಿರುವ ಮೊದಲ ಟ್ಯೂಬನ್ನು ತಟ್ಟಿದಾಗ ಸ್ಪೀಕರಿನಲ್ಲಿ ಟಕ್ ಎಂಬ ಸದ್ದು ಬರುವುದು ಸಹಜ, ಏಕೆಂದರೆ ಅದರ ನಂತರ ಬರುವ ಹಂತಗಳೆಲ್ಲ ಆ ಸದ್ದನ್ನು ಹಿಗ್ಗಿಸುತ್ತವೆ. ಆದರೆ ತಟ್ಟಿದ ಮೇಲೆ ಸದ್ದು ಗಂಯ್ ಎಂದು ಉಳಿದುಕೊಂಡರೆ, ಕೂಗತೊಡಗಿದರೆ ಅಥವಾ ಚಟಪಟ ಹೆಚ್ಚಾದರೆ ಆ ಟ್ಯೂಬ್ ಸಂಶಯಕ್ಕೆ ಅರ್ಹ. ಖಚಿತಪಡಿಸಿಕೊಳ್ಳಲು ಸುಲಭ ವಿಧಾನವಿದೆ. ಚೆನ್ನಾಗಿದೆಯೆಂದು ಗೊತ್ತಿರುವ ಒಂದು 12ಎಎಕ್ಸ್7 ಕೈಯಲ್ಲಿಟ್ಟುಕೊಂಡು, ಮೊದಲ ಸಾಕೆಟಿನಿಂದ ಆರಂಭಿಸಿ ಒಂದೊಂದೇ ಜಾಗದಲ್ಲಿ ಹಾಕಿ ನೋಡುತ್ತ ಹೋಗಬೇಕು. ಪ್ರತಿ ಸಲವೂ ಆಂಪ್ ಆರಿಸಿ, ಟ್ಯೂಬ್ ಆರಲು ಬಿಟ್ಟು ಬದಲಿಸಬೇಕು. ದೋಷ ಮಾಯವಾದ ಜಾಗದಿಂದ ತೆಗೆದದ್ದೇ ಕೆಟ್ಟ ಟ್ಯೂಬ್. ಯಾವ ಜಾಗದಲ್ಲೂ ದೋಷ ಹೋಗದಿದ್ದರೆ ಸಾಕೆಟ್, ರೆಸಿಸ್ಟರ್ ಅಥವಾ ಬೆಸುಗೆಯ ತೊಂದರೆ ಇರಬೇಕು. ಅಲ್ಲಿಗೆ ನಿಲ್ಲಿಸಿ ತಿಳಿದ ಮೆಕ್ಯಾನಿಕ್ ಬಳಿ ಒಯ್ಯುವುದೇ ಲೇಸು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಇಎಲ್84 ಪವರ್ ಟ್ಯೂಬ್ ಮತ್ತು 12ಎಎಕ್ಸ್7 ಎರಡಕ್ಕೂ ಅದೇ ಒಂಬತ್ತು ಪಿನ್‌ಗಳ ಸಾಕೆಟ್. ಫೆಂಡರ್ ಬ್ಲೂಸ್ ಜೂನಿಯರ್, ವಾಕ್ಸ್ ಎಸಿ30ರಂಥ ಆಂಪ್‌ಗಳಲ್ಲಿ ಇವೆರಡೂ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಸರಾಗವಾಗಿ ಕುಳಿತುಕೊಳ್ಳುತ್ತದೆ, ಆದರೆ ಪಿನ್‌ಗಳ ಜೋಡಣೆ ಬೇರೆಯಾದ್ದರಿಂದ ಹಾನಿ ಖಂಡಿತ. ಕಳಚುವ ಮೊದಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಪ್ರತಿ ಸಾಕೆಟಿನ ಪಕ್ಕ ಟೇಪ್ ಅಂಟಿಸಿ ಟ್ಯೂಬಿನ ಹೆಸರು ಬರೆದಿಡಿ.

ಕೊಳ್ಳುವಾಗ

ಇಂದು ಹೊಸದಾಗಿ ತಯಾರಾಗುವ ಗಿಟಾರ್ ಟ್ಯೂಬ್‌ಗಳಲ್ಲಿ ಹೆಚ್ಚಿನವು ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾತೋವ್‌ನ ಕಾರ್ಖಾನೆ ಮತ್ತು ಚೀನಾದ ಕಾರ್ಖಾನೆಗಳಿಂದ ಬರುತ್ತವೆ. ಎಲೆಕ್ಟ್ರೋ-ಹಾರ್ಮೊನಿಕ್ಸ್, ಸೊವ್ಟೆಕ್, ಟಂಗ್-ಸೋಲ್ ಎಂಬ ಹೆಸರುಗಳಲ್ಲಿ ಸಿಗುವವು ರಷ್ಯಾದವು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮಲ್ಟಿಮೀಟರ್, ರೆಸಿಸ್ಟರ್, ಕ್ರೊಕೊಡೈಲ್ ಕ್ಲಿಪ್, ಕಾಂಟ್ಯಾಕ್ಟ್ ಕ್ಲೀನರ್, ಸರಿಯಾದ ಅಳತೆಯ ಫ್ಯೂಸ್ ಎಲ್ಲವೂ ಸಿಗುತ್ತವೆ. ಟ್ಯೂಬ್‌ಗಳನ್ನು ಮಾತ್ರ ಸಂಗೀತ ವಾದ್ಯಗಳ ಅಂಗಡಿಯಿಂದಲೋ ಆನ್‌ಲೈನಿನಲ್ಲೋ ತರಿಸಿಕೊಳ್ಳುವುದು ವಾಡಿಕೆ.

ಹಳೆಯ ರೇಡಿಯೋ ಸಾಮಾನು ಮಾರುವವರ ಬಳಿ ನಮ್ಮ ಜಾಲಹಳ್ಳಿಯ ಬಿಇಎಲ್ ವಾಲ್ವ್‌ಗಳು (ಟ್ಯೂಬಿನದೇ ಇನ್ನೊಂದು ಹೆಸರು ವಾಲ್ವ್) ಈಗಲೂ ಕಣ್ಣಿಗೆ ಬೀಳುವುದುಂಟು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರ ಹೊತ್ತಿಗೆ ರೇಡಿಯೋ ವಾಲ್ವ್‌ಗಳ ತಯಾರಿಕೆಗೆ ತೊಡಗಿತ್ತು. ಇಸಿಸಿ83, ಇಎಲ್84 ಕೂಡ ಅಲ್ಲಿಂದ ಹೊರಬಂದಿವೆ. ಇದೇ ಊರಿನಲ್ಲಿ ತಯಾರಾದ ಟ್ಯೂಬೊಂದು ಇಲ್ಲಿನ ಗಿಟಾರ್ ಆಂಪ್‌ನಲ್ಲಿ ಇಂದೂ ನುಡಿಯಬಲ್ಲದು ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. ಆದರೆ ಪೆಟ್ಟಿಗೆಯ ಮೇಲಿನ ಹೆಸರನ್ನಷ್ಟೇ ನೋಡಿ ಹಣ ಕೊಡಬೇಡಿ: ರೇಡಿಯೋದಿಂದ ಕಳಚಿದ ಹಳೆಯ ವಾಲ್ವನ್ನು ಪೆಟ್ಟಿಗೆಗೆ ಹಾಕಿಟ್ಟಿರಬಹುದು. ಪರೀಕ್ಷಿಸುವ ಯಂತ್ರದ ಮೇಲೆ ಅಳತೆ ತೋರಿಸಿದರೆ ಮಾತ್ರ ಕೊಳ್ಳಿ.

ಪವರ್ ಟ್ಯೂಬ್‌ಗಳನ್ನು ಯಾವಾಗಲೂ ಹೊಂದಾಣಿಕೆಯಾದ ಜೋಡಿಯಾಗಿಯೇ ಕೊಳ್ಳಬೇಕು, ಏಕೆಂದರೆ ಎರಡರ ಕರೆಂಟು ಸರಿಸಮವಾಗಿದ್ದಾಗಲೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಹಮ್ ಪರಸ್ಪರ ರದ್ದಾಗುತ್ತದೆ. ಆಂಪ್‌ಗೆ ಯಾವ ಜಾತಿಯ ಟ್ಯೂಬ್ ಹೇಳಿದೆಯೋ ಅದನ್ನೇ ಹಾಕಬೇಕು. 6ಎಲ್6 ಇದ್ದ ಜಾಗದಲ್ಲಿ ಇಎಲ್34 ಕುಳಿತುಕೊಳ್ಳುತ್ತದೆ ನಿಜ. ಆದರೆ ಅದರ ಹೀಟರ್ 0.9 ಆಂಪಿಯರ್ ಬದಲು 1.5 ಆಂಪಿಯರ್ ಎಳೆಯುತ್ತದೆ, ಒಂದನೆಯ ಪಿನ್‌ನ ಜೋಡಣೆಯೂ ಬೇರೆ. ಪ್ರೀಆಂಪ್‌ನಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಆಂಪ್ ಬೇಗನೆ ಒಡೆದ ಧ್ವನಿಗೆ ಹೋಗುತ್ತಿದೆ ಅನ್ನಿಸಿದರೆ ಮೊದಲ ಜಾಗದಲ್ಲಿ, ಗೇನ್ ಗುಣಕ ಸುಮಾರು 100 ಇರುವ 12ಎಎಕ್ಸ್7 ಬದಲು 70 ಇರುವ 5751 ಹಾಕಿ ನೋಡಬಹುದು.

ಸುರಕ್ಷತೆ

ಟ್ಯೂಬ್ ಆಂಪ್ ಒಳಗೆ 400 ವೋಲ್ಟಿಗೂ ಮೀರಿದ ಡಿಸಿ ವಿದ್ಯುತ್ತು ಇರಬಹುದು. ಪ್ಲಗ್ ಕಿತ್ತ ಮೇಲೂ ಅದು ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು, ಪ್ರಾಣಕ್ಕೇ ಅಪಾಯ ತರಬಹುದು. ಹೊರಗಿನಿಂದ ಟ್ಯೂಬ್ ಬದಲಿಸುವವರು ಪ್ಲಗ್ ಕಿತ್ತು, ಟ್ಯೂಬ್‌ಗಳು ಕೈಗೆ ಬಿಸಿ ತಾಗದಷ್ಟು ಆರುವ ತನಕ ಕಾದರೆ ಸಾಕು. ಷಾಸಿಯನ್ನು ಹೊರತೆಗೆಯುವವರು ಇದಕ್ಕಿಂತ ಹೆಚ್ಚು ಮಾಡಬೇಕು: 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿನ ಒಂದು ತುದಿಯನ್ನು ಕ್ಲಿಪ್ಪಿನಿಂದ ಷಾಸಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಚೆನ್ನಾಗಿ ಇನ್ಸುಲೇಷನ್ ಇರುವ ಪ್ರೋಬಿನಿಂದ ಪ್ರತಿ ಫಿಲ್ಟರ್ ಕೆಪಾಸಿಟರಿನ ಧನ ತುದಿಗೆ ಹದಿನೈದು ಸೆಕೆಂಡು ಹಿಡಿದು, ನಂತರ ಮೀಟರಿನಲ್ಲಿ ಒಂದೆರಡು ವೋಲ್ಟಿಗಿಂತ ಕಡಿಮೆಯಾಗಿದೆಯೆಂದು ಅಳೆದು ನೋಡಬೇಕು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡುವ ಅಭ್ಯಾಸ ಬೇಡ. ಉಂಗುರ, ಬಳೆ, ಸರ ತೆಗೆದಿಡಿ, ಕಾಲಿಗೆ ಚಪ್ಪಲಿ ಇರಲಿ, ಮನೆಯಲ್ಲಿ ಇನ್ನೊಬ್ಬರು ಇರಲಿ. ಆಂಪ್ ಆನ್ ಇರುವಾಗ ಅಳೆಯಬೇಕಾದರೆ ಒಂದೇ ಕೈ ಬಳಸಿ, ಇನ್ನೊಂದನ್ನು ಜೇಬಿನಲ್ಲಿಡಿ.

ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ಅನ್ನು ಎಂದಿಗೂ ಆನ್ ಮಾಡಬಾರದು. ಹೊರೆಯಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಏಳುವ ಅತಿ ವೋಲ್ಟೇಜು ಅದನ್ನೂ ಟ್ಯೂಬ್ ಸಾಕೆಟ್ಟನ್ನೂ ಸುಟ್ಟುಬಿಡಬಲ್ಲದು.

ಬದಲಿಸುವ ಕೆಲಸ

ಪ್ರೀಆಂಪ್ ಟ್ಯೂಬಿಗೆ ಲೋಹದ ಮುಚ್ಚಳವಿದ್ದರೆ ಅದನ್ನು ಒತ್ತಿ, ಎಡಕ್ಕೆ ತಿರುಗಿಸಿ ಎತ್ತಬೇಕು. ಟ್ಯೂಬನ್ನು ಬುಡದ ಹತ್ತಿರ ಹಿಡಿದು, ಬಹಳ ಚಿಕ್ಕ ವೃತ್ತದಲ್ಲಿ ಅಲುಗಿಸುತ್ತ ನೇರವಾಗಿ ಮೇಲಕ್ಕೆ ಎಳೆಯಬೇಕು. ಪಕ್ಕಕ್ಕೆ ಬಾಗಿಸಿದರೆ ಪಿನ್ ಇರುವಲ್ಲಿ ಗಾಜು ಸೀಳುತ್ತದೆ. ಎಂಟು ಪಿನ್‌ನ ಪವರ್ ಟ್ಯೂಬನ್ನು ಗಾಜಿನಿಂದ ಎಳೆಯದೆ, ಕಪ್ಪು ಬುಡವನ್ನು ಹಿಡಿದು ಎಳೆಯಬೇಕು. ಬುಡಕ್ಕೂ ಗಾಜಿಗೂ ಇರುವ ಅಂಟು ಹಳೆಯ ಟ್ಯೂಬ್‌ಗಳಲ್ಲಿ ಬಿಟ್ಟುಹೋಗಿರುತ್ತದೆ. ಗಾಜಿಗೆ ಬೆರಳಿನ ಜಿಡ್ಡು ತಾಗಬಾರದೆಂಬ ಭಯ ಹ್ಯಾಲೊಜನ್ ದೀಪಗಳಿಗೆ ಸಂಬಂಧಿಸಿದ್ದು, ಈ ಟ್ಯೂಬ್‌ಗಳಿಗಲ್ಲ. ಆದರೂ ಒಣ ಬಟ್ಟೆಯಲ್ಲಿ ಹಿಡಿದರೆ ಜಾರುವುದಿಲ್ಲ.

ಟ್ಯೂಬ್ ಹೊರಗೆ ಬಂದ ಮೇಲೆ ಟಾರ್ಚ್ ಹಿಡಿದು ಸಾಕೆಟ್ಟಿನ ತೂತುಗಳ ಒಳಗೆ ನೋಡಿ. ಪ್ರತಿ ತೂತಿನಲ್ಲೂ ಪಿನ್ನನ್ನು ಎರಡು ಕಡೆಯಿಂದ ಕಚ್ಚಿಹಿಡಿಯುವ ಸಣ್ಣ ಸ್ಪ್ರಿಂಗ್ ಎಲೆಗಳಿರುತ್ತವೆ. ಅವು ಹೊಳೆಯುತ್ತಿರಬೇಕು, ಕಪ್ಪಾಗಿದ್ದರೆ ಅಲ್ಲಿ ಕಿಡಿ ಹಾರಿದೆ, ಅಗಲವಾಗಿ ತೆರೆದುಕೊಂಡಿದ್ದರೆ ಹಿಡಿತ ಹೋಗಿದೆ. ಹಲ್ಲಿನ ಸಂದು ಉಜ್ಜುವ ಚಿಕ್ಕ ಬ್ರಷ್ಷಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಳಗೆ ಆಡಿಸಿ, ಪೂರ್ತಿ ಒಣಗುವ ತನಕ ಬಿಡಿ. ಮಳೆಗಾಲದಲ್ಲಿ ನೆಲಮಾಳಿಗೆಯ ಅಭ್ಯಾಸದ ಕೋಣೆಗಳಲ್ಲಿ ಉಳಿದ ಆಂಪ್‌ಗಳಿಗೆ ಈ ಶುಚಿಯೊಂದರಿಂದಲೇ ಚಟಪಟ ನಿಲ್ಲುವುದನ್ನು ನೋಡಿದ್ದೇನೆ.

ಹೊಸ ಟ್ಯೂಬ್ ಕೂರಿಸುವಾಗ ಅವಸರ ಬೇಡ. ಒಂಬತ್ತು ಪಿನ್‌ನದರಲ್ಲಿ ಪಿನ್‌ಗಳ ನಡುವಿನ ಅಗಲದ ಜಾಗವನ್ನು ಸಾಕೆಟ್ಟಿನ ಖಾಲಿ ಜಾಗಕ್ಕೆ ಹೊಂದಿಸಬೇಕು. ಎಂಟು ಪಿನ್‌ನದರಲ್ಲಿ ನಡುವಿನ ಪ್ಲಾಸ್ಟಿಕ್ ಕಂಬದ ಉಬ್ಬು ಗೀರನ್ನು ಸಾಕೆಟ್ಟಿನ ಕಚ್ಚಿಗೆ ಕೂಡಿಸಬೇಕು. ಆ ಕಂಬ ಮುರಿದ ಟ್ಯೂಬನ್ನು ಬಳಸಲೇಬಾರದು, ಏಕೆಂದರೆ ಅದು ಯಾವ ದಿಕ್ಕಿನಲ್ಲಿ ಬೇಕಾದರೂ ಕುಳಿತುಬಿಡುತ್ತದೆ.

ಬಯಸ್

ಪ್ರೀಆಂಪ್ ಟ್ಯೂಬಿಗೆ ಬಯಸ್ ಹೊಂದಿಸುವ ಅಗತ್ಯವಿಲ್ಲ. ಪವರ್ ಟ್ಯೂಬ್‌ಗಳ ವಿಷಯದಲ್ಲಿ ಆಂಪ್ ಯಾವ ಬಗೆಯದೆಂದು ಮೊದಲು ತಿಳಿಯಬೇಕು. ವಾಕ್ಸ್ ಎಸಿ30ರಂಥ ಕ್ಯಾಥೋಡ್ ಬಯಸ್ ಆಂಪ್‌ಗಳು ತಾವೇ ಹೊಂದಿಕೊಳ್ಳುತ್ತವೆ. ಬ್ಲೂಸ್ ಜೂನಿಯರ್‌ನಲ್ಲಿ ಬಯಸ್ ಸ್ಥಿರವಾಗಿದ್ದು, ತಿರುಗಿಸಲು ಗುಂಡಿಯೇ ಇಲ್ಲ. ಹೊಂದಾಣಿಕೆಯ ಜೋಡಿ ಹಾಕಿ ಪ್ಲೇಟ್ ಕೆಂಪೇರುವುದಿಲ್ಲವೆಂದು ನೋಡಿಕೊಂಡರಾಯಿತು. ಫೆಂಡರ್ ಹಾಟ್ ರಾಡ್ ಡಿಲಕ್ಸ್‌ನಂಥ ಆಂಪ್‌ಗಳಲ್ಲಿ ಗುಂಡಿಯಿದೆ, ಅಲ್ಲಿ ಅಳೆದೇ ಹೊಂದಿಸಬೇಕು.

ಅಳತೆಗೆ ಅತಿ ಸುರಕ್ಷಿತ ಮಾರ್ಗವೆಂದರೆ ಬಯಸ್ ಪ್ರೋಬ್: ಟ್ಯೂಬ್ ಮತ್ತು ಸಾಕೆಟ್ಟಿನ ನಡುವೆ ಕೂರಿಸುವ ಅಡಾಪ್ಟರ್ ಇದು. ಕ್ಯಾಥೋಡ್‌ಗೆ 1 ಓಮ್ ರೆಸಿಸ್ಟರ್ ಇರುವ ಆಂಪ್‌ಗಳಲ್ಲಿ ಅದರ ಎರಡು ತುದಿಗಳ ನಡುವೆ ಸಿಗುವ ಮಿಲಿವೋಲ್ಟೇ ಮಿಲಿಆಂಪಿಯರ್ ಆಗುತ್ತದೆ. ಎರಡು ಟ್ಯೂಬಿಗೂ ಸೇರಿ ಒಂದೇ ರೆಸಿಸ್ಟರ್ ಇದ್ದರೆ ಬಂದದ್ದನ್ನು ಎರಡರಿಂದ ಭಾಗಿಸಬೇಕು. ಇದರೊಂದಿಗೆ ಪ್ಲೇಟ್ ವೋಲ್ಟೇಜು ಬೇಕು; ಎಂಟು ಪಿನ್‌ನ ಈ ಟ್ಯೂಬ್‌ಗಳಲ್ಲಿ ಅದು ಮೂರನೆಯ ಪಿನ್. ಮೀಟರ್ 1000 ವೋಲ್ಟ್ ಡಿಸಿ ತಾಳುವಂಥದ್ದಾಗಿರಬೇಕು.

ಲೆಕ್ಕ ಹೀಗೆ. 6ಎಲ್6ಜಿಸಿ ಟ್ಯೂಬಿನ ಪ್ಲೇಟ್ ತಾಳಬಲ್ಲ ಗರಿಷ್ಠ ಶಕ್ತಿ 30 ವ್ಯಾಟ್. ಅದರ ಶೇ. 70 ಎಂದರೆ 21 ವ್ಯಾಟ್. ಪ್ಲೇಟ್ ವೋಲ್ಟೇಜು 430 ಇದ್ದರೆ 21 ಅನ್ನು 430ರಿಂದ ಭಾಗಿಸಿದಾಗ ಸುಮಾರು 49 ಮಿಲಿಆಂಪಿಯರ್ ಬರುತ್ತದೆ. 25 ವ್ಯಾಟಿನ ಇಎಲ್34ಕ್ಕೆ 460 ವೋಲ್ಟಿನಲ್ಲಿ ಇದೇ ಲೆಕ್ಕ 38 ಮಿಲಿಆಂಪಿಯರ್. ಇದನ್ನು ಮುಟ್ಟಲೇಬೇಕಾದ ಗುರಿಯೆಂದು ಭಾವಿಸಬಾರದು. ದಾಟಬಾರದ ಮೇಲಿನ ಗೆರೆ ಇದು. ನಾನು ಶೇ. 60ರ ಆಸುಪಾಸಿನಲ್ಲಿ ನಿಲ್ಲಿಸಲು ಬಯಸುತ್ತೇನೆ. ಟ್ಯೂಬ್ ಹೆಚ್ಚು ಕಾಲ ಬಾಳುತ್ತದೆ, ಧ್ವನಿಯಲ್ಲಿ ಕಳೆದುಕೊಳ್ಳುವುದು ಬಹಳ ಸ್ವಲ್ಪ. ತಯಾರಕರ ಕೈಪಿಡಿಯಲ್ಲಿ ನಿಗದಿತ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಹೊಸ ಟ್ಯೂಬ್ ಹಾಕುವ ಮುನ್ನ, ಪವರ್ ಟ್ಯೂಬ್ ತೆಗೆದ ಸ್ಥಿತಿಯಲ್ಲೇ ಐದನೆಯ ಪಿನ್ನಿನ (ಗ್ರಿಡ್‌ನ) ಋಣ ವೋಲ್ಟೇಜು ಅತಿ ಹೆಚ್ಚು ಇರುವಂತೆ ಗುಂಡಿ ತಿರುಗಿಸಿಟ್ಟಿದ್ದರೆ ಕ್ಷೇಮ. ಆಗ ಕರೆಂಟು ಕಡಿಮೆಯಿಂದ ಆರಂಭವಾಗುತ್ತದೆ. ಸ್ಪೀಕರ್ ಜೋಡಿಸಿ, ವಾಲ್ಯೂಮ್ ಸೊನ್ನೆಗಿಟ್ಟು, ಸ್ಟ್ಯಾಂಡ್‌ಬೈನಲ್ಲಿ ಒಂದೆರಡು ನಿಮಿಷ ಹೀಟರ್ ಕಾಯಲು ಬಿಟ್ಟು ನಂತರ ಪ್ಲೇ ಸ್ಥಿತಿಗೆ ತನ್ನಿ. ಕರೆಂಟನ್ನು ನಿಧಾನವಾಗಿ ಏರಿಸಿ. ಕರೆಂಟು ಏರಿದಂತೆ ಪ್ಲೇಟ್ ವೋಲ್ಟೇಜು ಇಳಿಯುವುದರಿಂದ ಮತ್ತೆ ಅಳೆದು ಮತ್ತೆ ಲೆಕ್ಕ ಹಾಕಬೇಕು. ಇಪ್ಪತ್ತು ನಿಮಿಷ ಕಾದ ಮೇಲೆ ಇನ್ನೊಮ್ಮೆ ನೋಡಿ ಸರಿಪಡಿಸಿ.

ನಮ್ಮ ಊರಿನ ವಿದ್ಯುತ್ತು

ಬಯಸ್ ಹೊಂದಿಸುವ ಹೊತ್ತಿಗೆ ಗೋಡೆಯ ಸಾಕೆಟ್ಟಿನ ವೋಲ್ಟೇಜನ್ನೂ ಬರೆದಿಟ್ಟುಕೊಳ್ಳಿ. ಸಂಜೆ 215 ಇದ್ದದ್ದು ನಡುರಾತ್ರಿ 240 ಆದರೆ ಆಂಪ್ ಒಳಗಿನ ಎಲ್ಲ ವೋಲ್ಟೇಜುಗಳೂ ಅದೇ ಪ್ರಮಾಣದಲ್ಲಿ ಏರುತ್ತವೆ. ಸಂಜೆ ಗೆರೆಯ ಅಂಚಿಗೆ ಹೊಂದಿಸಿದ ಟ್ಯೂಬ್ ರಾತ್ರಿ ಗೆರೆ ದಾಟುತ್ತದೆ. ಕರೆಂಟು ಹೋಗಿ ಮನೆಯ ಇನ್ವರ್ಟರ್ ನಡೆಯುತ್ತಿರುವಾಗ ಬಯಸ್ ಅಳೆಯಬೇಡಿ, ಏಕೆಂದರೆ ಚೌಕ ಅಲೆಯ ಇನ್ವರ್ಟರಿನಲ್ಲಿ ಸಿಗುವ ಅಂಕಿಗಳು ಬೆಸ್ಕಾಂ ವಿದ್ಯುತ್ತಿಗೆ ಹೊಂದುವುದಿಲ್ಲ. ಅಮೆರಿಕದಿಂದ ನೆಂಟರು ತಂದುಕೊಟ್ಟ ಆಂಪ್ 120 ವೋಲ್ಟಿನದಾಗಿದ್ದರೆ ಅದರ ವ್ಯಾಟಿಗೆ ತಕ್ಕ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ, ಮೂರನೆಯ ಪಿನ್ನಿನ ಅರ್ಥ್ ಆಂಪ್ ತನಕ ತಲುಪುವಂಥದ್ದೇ ಬೇಕು. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದರೂ ಅರ್ಥ್ ತಂತಿಯೇ ಇಲ್ಲದಿರುವುದುಂಟು. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಟ್ಯೂಬ್ ಕೆಟ್ಟಾಗ ಫ್ಯೂಸ್ ಹೋಗುವುದು ಸಾಮಾನ್ಯ. ಹಿಂಬದಿಯಲ್ಲಿ ಬರೆದಿರುವ ಅಳತೆಯದನ್ನೇ, ಅದೇ ಬಗೆಯದನ್ನೇ ಹಾಕಬೇಕು. ಹೊಸ ಟ್ಯೂಬ್ ಹಾಕಿದ ಮೇಲೂ ಅದೇ ಜಾಗದ ಟ್ಯೂಬ್ ಕೆಂಪೇರಿದರೆ, ಹಳೆಯದು ಸಾಯುವಾಗ ಸ್ಕ್ರೀನ್ ರೆಸಿಸ್ಟರನ್ನೋ ಬಯಸ್ ಸರ್ಕ್ಯೂಟನ್ನೋ ಜೊತೆಗೆ ಕೆಡಿಸಿರಬಹುದು. ಇನ್ನೊಂದು ಜೋಡಿ ಬಲಿಕೊಡದೆ ರಿಪೇರಿಗೆ ಕೊಡಿ.

ಕಳಚಿದ ಟ್ಯೂಬ್‌ಗಳಲ್ಲಿ ಇನ್ನೂ ನುಡಿಯುತ್ತಿದ್ದವನ್ನು ದಿನಾಂಕ ಬರೆದು, ಹೊಸದರ ಪೆಟ್ಟಿಗೆಯಲ್ಲೇ ಇಟ್ಟು, ಒಂದೆರಡು ಫ್ಯೂಸಿನೊಂದಿಗೆ ಕೇಬಲ್ ಚೀಲದಲ್ಲಿ ಸೇರಿಸಿಡಿ. ನಾಲ್ಕು ಪವರ್ ಟ್ಯೂಬಿನ, ಫಿಕ್ಸೆಡ್ ಬಯಸ್‌ನ (ಎಂದರೆ ಕ್ಯಾಥೋಡ್ ಬಯಸ್ ಅಲ್ಲದ) 100 ವ್ಯಾಟ್ ಆಂಪ್ ಇರುವವರಿಗೆ ಕಾರ್ಯಕ್ರಮದ ನಡುವೆ ಇನ್ನೊಂದು ದಾರಿಯೂ ಇದೆ. ಒಂದು ಟ್ಯೂಬ್ ಕೈಕೊಟ್ಟರೆ ಆಂಪ್ ಆರಿಸಿ, ಕೆಟ್ಟದ್ದು ಹೊರಗಿನದಾಗಿದ್ದರೆ ಹೊರಗಿನ ಎರಡನ್ನೂ, ಒಳಗಿನದಾಗಿದ್ದರೆ ಒಳಗಿನ ಎರಡನ್ನೂ ತೆಗೆದು, 16 ಓಮ್ ಸ್ಪೀಕರ್ ಇದ್ದರೆ ಹಿಂಬದಿಯ ಸ್ವಿಚ್ಚನ್ನು 8ಕ್ಕೂ, 8 ಇದ್ದರೆ 4ಕ್ಕೂ ಇಳಿಸಿ, ಉಳಿದ ಎರಡು ಟ್ಯೂಬಿನಲ್ಲಿ ನುಡಿಸಿ ಮುಗಿಸಬಹುದು. ಹೊಸ ಟ್ಯೂಬ್ ಹಾಕುವಾಗ ಆ ಸ್ವಿಚ್ಚನ್ನು ಮತ್ತೆ ಸ್ಪೀಕರಿನ ಅಳತೆಗೇ ತಿರುಗಿಸಬೇಕು.